ಡಾಕ್ಟರಿಕೆಯ ವಾಸನೆ

ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾದೆ. ಇಳಿಯಲಿಲ್ಲ. ಆದ್ದರಿಂದ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನಿಗೆ ಮೈ ಉರಿಯುವ ಸಂಗತಿಗಳು ದಿನವೂ ಸಿಗುತ್ತವೆ. ಅವನ್ನು ಹುಡುಗರ ಬೆನ್ನಿನ ಮೇಲೆ ಇಳಿಸಿ ಹಗುರಾಗಿ ಮನೆಗೆ ಬರಬಹುದು. ಆದರೆ ನಮ್ಮ ಪಕ್ಕದ ಮನೆಯ ಓಂಕಾರಪ್ಪನವರ ಮಗ ನಿಜವಾಗಿ ಡಾಕ್ಟರಿಕೆ ಓದುತ್ತಿದ್ದಾನೋ ಇಲ್ಲವೋ ಎಂದು ತಿಳಿಯಲು ಓದು ಬರಹ ಬಲ್ಲ ದೊಡ್ಡವರು ಹಿಡಿದ ದಾರಿ ಇದೆಯಲ್ಲ, ಅದಕ್ಕೆ ಒಂದು ಇಡೀ ಶಾಲೆಯ ಬೆನ್ನುಗಳೂ ಸಾಲವು.

ಓಂಕಾರಪ್ಪನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಇದ್ದಿಲು ಯಾರ್ಡಿನ ಗುಮಾಸ್ತರು. ಇದ್ದಿಲಿನ ರಾಶಿಗೆ ಒಂದು ಬೀಡಿಯ ಕಿಡಿ ಬಿದ್ದರೆ ಏನಾದೀತು ಎಂದು ಬೇರೆಯವರು ಯೋಚನೆ ಮಾಡುತ್ತಾರೆ. ಓಂಕಾರಪ್ಪನವರು ಅದನ್ನು ಕನಸಿನಲ್ಲಿ ಕಂಡು ಹಾಸಿಗೆಯಿಂದ ಎದ್ದು ಓಡುತ್ತಾರೆ. ಯಾರ್ಡಿನ ಬಾಗಿಲಲ್ಲಿ ನಿಂತು ಒಳಗೆ ಹೋಗುವ ಕೂಲಿಗಳನ್ನು ಒಬ್ಬೊಬ್ಬರನ್ನಾಗಿ ಮೂಸಿ ನೋಡುವುದು ಅವರ ಮುಖ್ಯ ಕೆಲಸ. ಇದು ಕಾರ್ಖಾನೆ ಕೊಟ್ಟ ಕೆಲಸವಲ್ಲ, ಅವರಾಗಿ ತೆಗೆದುಕೊಂಡದ್ದು.

"ಅಯ್ಯಾ, ಇದು ಹಚ್ಚದ ಬೀಡಿ," ಎಂದು ತಮಿಳು ಕೂಲಿಯೊಬ್ಬ ಒಮ್ಮೆ ವಾದಿಸಿದ್ದ.

"ಹಚ್ಚದ ಬೀಡಿಗೆ ವಾಸನೆ ಇಲ್ಲ ಅಂದ್ಕೊಂಡ್ಯೇನೋ? ಎಡಗಿವಿ ಹಿಂದೆ ಇನ್ನೊಂದಿದೆ, ಅದನ್ನೂ ತೆಗಿ!"

ಇತ್ತು. ಅಂಥ ಮೂಗು ಅದು. ಕಾರ್ಖಾನೆಯ ಗೇಟು ದಾಟಿದ ಮೇಲೂ ಆ ಮೂಗಿಗೆ ರಜೆ ಇರುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಬೀಗರ ಬಾಯಿಂದ ಸಿಗರೇಟು ಕಿತ್ತಿದ್ದಾರೆ. ಒಮ್ಮೆ ಶಿವಮೊಗ್ಗದ ರೈಲಿನಲ್ಲಿ ಟಿಕೆಟ್ ಕಲೆಕ್ಟರನ ಬಾಯಲ್ಲಿದ್ದದ್ದನ್ನೇ ಕಿತ್ತು ಕಿಟಕಿಯಿಂದಾಚೆ ಎಸೆದರು. ಆತ ಸಾವರಿಸಿಕೊಂಡು ಟಿಕೆಟ್ ಕೇಳಿದಾಗ ನೋಡಿದರೆ, ಅದೇ ಕೈಯಲ್ಲಿದ್ದ ಟಿಕೆಟ್ಟೂ ಸಿಗರೇಟಿನ ಜೊತೆಗೆ ಹೋಗಿಬಿಟ್ಟಿತ್ತು. ದಂಡ ಕಟ್ಟಿದರು. ತತ್ವ ಬಿಡಲಿಲ್ಲ.

ಇಂಥವರ ಒಬ್ಬನೇ ಮಗ ಪರಮೇಶ್ವರಪ್ಪ, ನಮಗೆಲ್ಲ ಪರಮೇಶಿ, ದೂರದ ಊರಿನ ಮೆಡಿಕಲ್ ಕಾಲೇಜು ಸೇರಿದ. ನಮ್ಮ ಬೀದಿಯಿಂದ ಡಾಕ್ಟರಿಕೆ ಓದಲು ಹೋದ ಮೊದಲ ಹುಡುಗ. ಎರಡನೆಯ ವರ್ಷದ ರಜೆಗೆ ಬಂದಾಗ ಅವನ ತಾಯಿ ಚಿನ್ನಮ್ಮ ಅವನ ಬಿಳಿ ಕೋಟನ್ನು ಒಗೆಯುವ ಬಟ್ಟೆಗೆ ಹಾಕಿದರು. ಓಂಕಾರಪ್ಪ ಬಕೆಟ್ಟಿನಿಂದಲೇ ಅದನ್ನು ಕಿತ್ತುಕೊಂಡರು.

"ಒಗೀಬೇಡ! ವಾಸನೆ ಹೋಗುತ್ತೆ!"

"ಹೋಗ್ಲಿ ಅಂತಾನೇ ಅಲ್ವೇನ್ರೀ ಒಗೆಯೋದು?"

"ಇದು ಕೊಳೆ ವಾಸನೆ ಅಲ್ಲ ಮಾರಾಯ್ತಿ. ಡಾಕ್ಟರಿಕೆ ವಾಸನೆ! ಹೆಣ ಕೊಯ್ಯೋ ಕೋಣೆಯ ಔಷಧಿ ವಾಸನೆ. ದುಡ್ಡು ಕೊಟ್ರೂ ಸಿಗಲ್ಲ!"

ಕೋಟು ಜಗಲಿಯ ಮೊಳೆಗೆ ಬಂತು. ಅಂಚೆಯವನು ಮೂಸಿದ. ಹಾಲಿನವಳು ಬಾಯಿಗೆ ಸೆರಗು ಮುಚ್ಚಿಕೊಂಡು ಮೂಸಿದಳು. ಬೀದಿಯ ಮೂಲೆಯಲ್ಲಿ ಸೈಕಲ್ ಬಾಡಿಗೆಗೆ ಕೊಟ್ಟು ಪಕ್ಕದಲ್ಲೇ ಒಂದು ಗೂಡಿನಲ್ಲಿ ಬೀಡಿ ಸಿಗರೇಟು ಮಾರುವ ಹಯಾತ್ ಸಾಬರನ್ನೂ ಕರೆದು ಮೂಸಿಸಿದರು. ಹಯಾತ್ ಸಾಬರು ಭಕ್ತಿಯಿಂದ ಮೂಸಿ, ಹುಬ್ಬು ಗಂಟಿಕ್ಕಿ, ಇನ್ನೊಮ್ಮೆ ಮೂಸಿದರು.

"ಒಳ್ಳೆ ವಾಸನೆ ಸ್ವಾಮಿ. ಅಂದ್ರೆ... ಏನೋ ನಮ್ಮಂಗ್ಡಿ ವಾಸನೆ ಬಂದಂಗಾಯ್ತು."

"ನಿಮ್ಮಂಗ್ಡೀಲಿ ಹೆಣ ಕೊಯ್ತಾರೇನ್ರಿ?"

"ತೌಬಾ! ತೌಬಾ!"

"ಮತ್ತೆ ಸುಮ್ನಿರಿ."

ನನ್ನ ಸರದಿಯೂ ಬಂತು. ಕೋಟಿನ ಮೇಲುಗಡೆ ಫಾರ್ಮಲಿನ್ನಿನ ಚುರುಕು ವಾಸನೆ ಇದ್ದದ್ದು ನಿಜ. ಅದರ ಕೆಳಗೆ ಇನ್ನೊಂದು ವಾಸನೆ ಇತ್ತು. ಅದನ್ನು ಗುರುತಿಸಲು ರಸಾಯನಶಾಸ್ತ್ರ ಓದಬೇಕಾಗಿರಲಿಲ್ಲ, ಇದ್ದಿಲು ಯಾರ್ಡಿನ ಯಾವ ಕೂಲಿಯೂ ಹೇಳಬಹುದಾಗಿತ್ತು. ಎಡಗಿವಿಯ ಹಿಂದಿನ ಹಚ್ಚದ ಬೀಡಿಯನ್ನು ಹಿಡಿಯುವ ಮೂಗು ಸ್ವಂತ ಮಗನ ಕೋಟಿನಲ್ಲಿ ಅದನ್ನು ಹಿಡಿಯಲಿಲ್ಲ. ವಿಜ್ಞಾನದಲ್ಲಿ ಇದಕ್ಕೆ ವಿವರಣೆ ಇಲ್ಲ. ಅಪ್ಪಂದಿರಲ್ಲಿ ಇದೆ.

ಆ ಸಂಜೆಯೇ ಹಯಾತ್ ಸಾಬರ ಅಂಗಡಿಯ ಹಿಂದೆ, ಹಳೆಯ ಟೈರುಗಳ ರಾಶಿಯ ಮರೆಯಲ್ಲಿ, ಪರಮೇಶಿ ಸಿಕ್ಕಿಬಿದ್ದ. ನನ್ನನ್ನು ಕಂಡವನೇ ಉರಿಯುವ ಸಿಗರೇಟನ್ನು ಅಂಗೈಯೊಳಗೆ ಮುಚ್ಚಿಕೊಂಡ. ಕೈ ಸುಟ್ಟಿತು. ನನಗೆ ಸಂತೋಷವಾಯಿತು.

"ಮೇಷ್ಟ್ರೇ, ಅಪ್ಪಂಗೆ ಹೇಳ್ಬೇಡಿ."

"ಶ್ವಾಸಕೋಶದ ಕ್ಯಾನ್ಸರಿಗೆ ಇದೇ ಕಾರಣ ಅಂತ ವಿಲಾಯತಿ ಡಾಕ್ಟರುಗಳು ಹೇಳಿದ್ದನ್ನ ಪೇಪರ್‌ನಲ್ಲಿ ನಾನೇ ಓದಿದೀನಿ. ನಿಮಗೆ ಹೇಳ್ಕೊಡಲ್ವೇನಯ್ಯಾ?"

"ಹೇಳ್ಕೊಟ್ರು ಮೇಷ್ಟ್ರೇ. ಬೋರ್ಡ್ ಮೇಲೆ ಶ್ವಾಸಕೋಶ ಬರೆದು ತೋರಿಸಿದ್ರು. ಒಂದು ಕೈಯಲ್ಲಿ ಸೀಮೆಸುಣ್ಣ, ಇನ್ನೊಂದು ಕೈಯಲ್ಲಿ ಸಿಗರೇಟು. ಮಧ್ಯದಲ್ಲಿ ಮರೆತು ಸೀಮೆಸುಣ್ಣ ಬಾಯಿಗಿಟ್ಕೊಂಡ್ರು."

"ನಗಬೇಡ!"

"ನಗ್ತಿಲ್ಲ ಮೇಷ್ಟ್ರೇ. ಮೊದಲ ದಿನ ಹೆಣದ ಕೋಣೇಲಿ ನಾನು ವಾಂತಿ ಮಾಡ್ಕೊಂಡೆ. ದೊಡ್ಡ ಹುಡುಗರು ಒಂದು ಹಚ್ಚಿ ಬಾಯಿಗಿಟ್ರು. 'ಸೇದೋ, ಇಲ್ಲಾಂದ್ರೆ ಊರಿಗೆ ಹೋಗಿ ಅಂಗಡಿ ಇಡು' ಅಂದ್ರು. ಈಗ ಹೆಣದ ನಾತ ಅಭ್ಯಾಸ ಆಗೋಯ್ತು. ಇದು ಬಿಡ್ತಿಲ್ಲ."

ನಾಳೆ ಬೇರೆಯವರ ಎದೆಗೆ ಸ್ಟೆತೊಸ್ಕೋಪು ಇಡುವವನು ಇವನು. ಅವನಿಗೆ ಎರಡು ಬಿಗಿಯಬೇಕೆನಿಸಿತು. ಆದರೆ ಹೈಸ್ಕೂಲು ಬಿಟ್ಟ ಹುಡುಗನ ಮೇಲೆ ಮೇಷ್ಟರಿಗೆ ಅಧಿಕಾರವಿಲ್ಲ. ಅಪ್ಪನಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟು, ಬೈಯುತ್ತಾ ಮನೆಗೆ ಬಂದೆ.

ಆ ರಜೆಯಲ್ಲೇ ಶಿವಮೊಗ್ಗದಿಂದ ಸಂಬಂಧ ಬಂತು. ಅಲ್ಲಿನ ದುರ್ಗಿಗುಡಿಯ ಏಕಾಂತಪ್ಪನವರ ಮಗಳು ಹಾಲಮ್ಮ, ಆ ಊರಿನದೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ತರಬೇತಿಯಲ್ಲಿದ್ದಳು. ಈಗ ಮಾತು ಮುಗಿಸುವುದು, ಓದು ಮುಗಿದ ಮೇಲೆ ಮದುವೆ ಎಂದು ಯೋಚನೆ. "ಓದಿದೋರು ಒಬ್ರು ಜೊತೆಗಿರ್ಲಿ" ಎಂದು ಓಂಕಾರಪ್ಪ ನನ್ನನ್ನೂ ಎಳೆದುಕೊಂಡು ರೈಲು ಹತ್ತಿದರು.

ಏಕಾಂತಪ್ಪನವರು ಅಳತೆ ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು, ಸೇರು ಹೋಗಿ ಕಿಲೋ ಬಂದ ಕಾಲದಲ್ಲಿ ನಿವೃತ್ತರಾದವರು. ಅಂಗಡಿಗಳ ತಕ್ಕಡಿಯನ್ನು ಪರೀಕ್ಷೆ ಮಾಡಿ ಮಾಡಿ, ಲೋಕದಲ್ಲಿರುವುದೆಲ್ಲ ಒಂದು ಗುಲಗಂಜಿಯಷ್ಟು ಕಡಿಮೆ ಇದೆ ಎಂಬ ತೀರ್ಮಾನಕ್ಕೆ ಬಂದಿದ್ದರು. ನಾವು ತಂದ ಹಣ್ಣಿನ ಚೀಲವನ್ನು ಕೈಗೆ ತೆಗೆದುಕೊಂಡವರೇ ಮೇಲೆ ಕೆಳಗೆ ಆಡಿಸಿ, "ಅಂಗಡಿಯೋನು ಮೋಸ ಮಾಡಿದಾನೆ ನಿಮಗೆ" ಎಂದರು. ಸ್ವಾಗತದ ಮೊದಲ ಮಾತು ಇದು.

ಅವರಿಗೆ ಒಂದು ಗಾಯವೂ ಇತ್ತು. ಅವರ ತಮ್ಮ ತನ್ನ ಮಗಳನ್ನು ಒಬ್ಬ ಡಾಕ್ಟರಿಗೆ ಕೊಟ್ಟಿದ್ದ. ಕಟ್ಟು ಹಾಕಿಸಿದ ಸರ್ಟಿಫಿಕೇಟು ನೋಡಿಯೇ ಕೊಟ್ಟಿದ್ದು. ಆಮೇಲೆ ಆ ಡಾಕ್ಟರು ಬೀರೂರಿನ ಬಸ್ಸುಗಳಲ್ಲಿ ಹಲ್ಲುಪುಡಿ ಮಾರುತ್ತಿದ್ದದ್ದು ಗೊತ್ತಾಯಿತು. ಅಂದಿನಿಂದ ಏಕಾಂತಪ್ಪನವರಿಗೆ ಕಾಗದದ ಮೇಲೆ ನಂಬಿಕೆಯಿಲ್ಲ. "ಸೀಲು ಯಾರು ಬೇಕಾದ್ರೂ ಹೊಡೀತಾರೆ. ನಾನೇ ಜೀವಮಾನ ಎಲ್ಲಾ ಹೊಡ್ದಿದೀನಿ," ಎನ್ನುತ್ತಿದ್ದರು.

ಹಾಲಮ್ಮ ತಟ್ಟೆ ಹಿಡಿದು ಬಂದಳು. ಆಗಿನ ದೊಡ್ಡ ಮನೆಗಳ ಪದ್ಧತಿಯಂತೆ ಅದರಲ್ಲಿ ವೀಳ್ಯದೆಲೆ, ಅಡಿಕೆ, ಜೊತೆಗೆ ಗಂಡಿಗೆಂದು ಒಂದು ಸಿಗರೇಟಿನ ತಗಡಿನ ಡಬ್ಬಿ, ಬೆಂಕಿಪೊಟ್ಟಣ. ಓಂಕಾರಪ್ಪನವರ ಮೂಗಿನ ಹೊಳ್ಳೆಗಳು ಅರಳಿದವು. ತಟ್ಟೆ ಪರಮೇಶಿಯ ಮುಂದೆ ನಿಂತಿತು. ಅವನು ಡಬ್ಬಿಯನ್ನು ನೋಡಿದ. ಎಷ್ಟು ಪ್ರೀತಿಯಿಂದ ನೋಡಿದನೆಂದರೆ, ಅದುವರೆಗೆ ಹುಡುಗಿಯ ಕಡೆ ಹಾಗೆ ನೋಡಿರಲಿಲ್ಲ. ಆಮೇಲೆ ಪಕ್ಕದಲ್ಲಿ ಕುಳಿತ ಅಪ್ಪನನ್ನು ನೋಡಿದ.

"ಬೇಡ," ಎಂದ.

ಅದುವರೆಗೆ ನೆಲ ನೋಡುತ್ತಿದ್ದ ಹಾಲಮ್ಮ ಆಗ ತಲೆಯೆತ್ತಿ ಅವನನ್ನು ನೋಡಿದಳು. ಪರಮೇಶಿಯೂ ನೋಡಿದ. ಈ ಸಲ ಡಬ್ಬಿಯನ್ನಲ್ಲ. ಆ ನಂತರ ಅವನಿಗೆ ಆ ಮನೆಯ ಬೇರೆ ಏನೂ ಕಾಣಿಸಲಿಲ್ಲ ಎಂಬುದಕ್ಕೆ, ಖಾಲಿ ಲೋಟದಿಂದ ಅವನು ಬಹಳ ಹೊತ್ತು ಕಾಫಿ ಕುಡಿಯುತ್ತಿದ್ದುದೇ ಸಾಕ್ಷಿ.

"ಬೇಡ ಅಂದ! ಕೇಳಿದ್ರಾ? ನಮ್ಮ ಪರಮೇಶಿಗೆ ಹೊಗೆ ಅಂದ್ರೆ ಆಗಲ್ಲ!" ಎಂದು ಓಂಕಾರಪ್ಪ ಬೀದಿಗೆ ಕೇಳುವಂತೆ ಕೂಗಿದರು. "ಅವರ ಕಾಲೇಜಿನಲ್ಲಿ ಸಿಗರೇಟು ಮುಟ್ಟದ ಹುಡುಗ ಇವನೊಬ್ಬನೇ ಇರ್ಬೇಕು!"

ಏಕಾಂತಪ್ಪನವರ ಹುಬ್ಬು ಮೇಲೇರಿತು. "ಒಬ್ಬನೇ?"

"ಒಬ್ಬನೇ!"

ಮೂರನೆಯ ದಿನ, ಬಾಡಿಗೆ ಮನೆ ಹುಡುಕುವ ನೆಪದಲ್ಲಿ, ಕೊಡೆ ಹಿಡಿದ ಒಬ್ಬ ವೃದ್ಧರು ನಮ್ಮ ಬೀದಿಗೆ ಬಂದರು. ಗಂಡಿನ ನಡತೆ ವಿಚಾರಿಸಲು ಬಂದ ಹೆಣ್ಣಿನ ತಂದೆಯೆಂದು ಇಡೀ ಬೀದಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಬಾಡಿಗೆ ಮನೆ ಹುಡುಕುವವರು ಪಕ್ಕದ ಮನೆಯ ಹುಡುಗ ಸಿಗರೇಟು ಸೇದುತ್ತಾನೆಯೇ ಎಂದು ಕೇಳುವುದಿಲ್ಲ. ನಮ್ಮ ಬೀದಿಯ ಜನ ತಮ್ಮತಮ್ಮಲ್ಲಿ ಎಷ್ಟೇ ಜಗಳವಾಡಲಿ, ಹೊರಗಿನವರ ಮುಂದೆ ನಮ್ಮ ಹುಡುಗನನ್ನು ಬಿಟ್ಟುಕೊಡುವವರಲ್ಲ.

ಹಯಾತ್ ಸಾಬರು ಎದೆ ಮುಟ್ಟಿಕೊಂಡರು. "ಸಿಗರೇಟಾ? ಪರಮೇಶಿನಾ? ನನ್ನಂಗ್ಡಿ ಮುಂದೆ ಬಂದ್ರೆ ಮೂಗು ಮುಚ್ಕೊಂಡು ಓಡ್ತಾನೆ ಸ್ವಾಮಿ!" ಅವರ ಮೂವರು ಕಾಯಂ ಗಿರಾಕಿಗಳಲ್ಲಿ ಪರಮೇಶಿ ಒಬ್ಬ.

ಬೀದಿ ತುದಿಯ ಮನೆಯಲ್ಲಿ ಬೀಡಿ ಕಟ್ಟುವ ಅಜ್ಜಿ ಇನ್ನೂ ಮುಂದೆ ಹೋದಳು. "ಹೊಗೆ ಕಂಡ್ರೆ ಮೂರ್ಛೆ ಹೋಗುತ್ತೆ ಆ ಮಗು. ನಮ್ಮನೆ ಒಲೆ ಹಚ್ಚಿದಾಗ ಒಂದ್ಸಲ ಬಿದ್ದೇಬಿಟ್ಟಿತ್ತು."

ತಮ್ಮ ಮನೆಯಲ್ಲೇ ನನ್ನನ್ನು ಕಂಡದ್ದನ್ನು ಮರೆತವರಂತೆ ವೃದ್ಧರು ನನ್ನ ಬಳಿಗೂ ಬಂದರು. "ಅವರಪ್ಪನ ಮುಂದೆ ಸೇದಿದ್ದನ್ನ ನಾನು ನೋಡಿಲ್ಲ," ಎಂದೆ. ಈ ವಾಕ್ಯದಲ್ಲಿ ಸುಳ್ಳಿಲ್ಲ.

ಒಂದೊಂದು ಒಳ್ಳೆಯ ಮಾತಿಗೂ ಏಕಾಂತಪ್ಪನವರ ಮುಖ ಕಪ್ಪಾಗುತ್ತಾ ಹೋಯಿತು. ಕೊನೆಗೆ ಕೊಡೆ ಮಡಚಿ, ನೆಪವನ್ನೂ ಮಡಚಿ, ನೇರವಾಗಿ ಓಂಕಾರಪ್ಪನವರ ಜಗಲಿ ಹತ್ತಿದರು. ಜಗಳ ಶುರುವಾದ ಸದ್ದು ಕೇಳಿ ನಾನೂ ಹಿಂದೆಯೇ ಹೋದೆ.

"ಓಂಕಾರಪ್ನೋರೇ, ನಿಮ್ಮ ಮಗ ಸಿಗರೇಟು ಸೇದಲ್ಲ ಅನ್ನೋದು ಖಾತ್ರಿ ಆಯ್ತು."

"ಆಗ್ಲೇಬೇಕು!" ಓಂಕಾರಪ್ಪ ಉಬ್ಬಿದರು. "ಚಿನ್ನಮ್ಮಾ, ಬೀಗರಿಗೆ ಕಾಫಿ!"

"ಕಾಫಿ ಬೇಡ. ಸಂಬಂಧಾನೂ ಬೇಡ. ಮೋಸ ಮಾಡಕ್ಕೂ ಒಂದು ಮಿತಿ ಇರ್ಬೇಕು!"

ಕಾಫಿ ತರಲು ಒಳಗೆ ಹೊರಟಿದ್ದ ಓಂಕಾರಪ್ಪ ಹೊಸ್ತಿಲಿನಿಂದಲೇ ಹಿಂದಕ್ಕೆ ತಿರುಗಿದರು.

"ನಮ್ಮೂರ ಕಾಂಪೌಂಡರ್ ಶೇಷಪ್ಪ ಎಲ್ಲಾ ಹೇಳಿದಾನೆ. ಹೆಣ ಕೊಯ್ಯೋ ಕೋಣೆ ನಾತಕ್ಕೆ ಸಿಗರೇಟಿಲ್ದೆ ಐದು ನಿಮಿಷ ನಿಲ್ಲಕ್ಕಾಗಲ್ವಂತೆ. ಮೇಷ್ಟ್ರುಗಳಿಂದ ಹಿಡಿದು ಎಲ್ರೂ ಸೇದ್ತಾರಂತೆ. ಸೇದದೋನು ಒಬ್ಬನೂ ಇಲ್ವಂತೆ. ನಿಮ್ಮೋನು ಸೇದಲ್ಲ. ಅಂದ್ರೆ ನಿಮ್ಮೋನು ಆ ಕೋಣೆಗೇ ಹೋಗಿಲ್ಲ. ಹೋಗಿಲ್ಲ ಅಂದ್ರೆ ಡಾಕ್ಟರಿಕೆ ಓದ್ತಿಲ್ಲ. ಯಾವ ಬಸ್ಸಲ್ಲಿ ಹಲ್ಲುಪುಡಿ ಮಾರ್ತಾನೆ, ಹೇಳ್ರಿ!"

"ಹಲ್ಲುಪುಡೀನಾ? ನನ್ನ ಮಗಾನಾ?" ಓಂಕಾರಪ್ಪ ಮೊಳೆಯಿಂದ ಕೋಟು ಕಿತ್ತು ಅವರ ಮುಖಕ್ಕೆ ಹಿಡಿದರು. "ಮೂಸ್ರಿ! ಇದನ್ನ ಮೂಸ್ರಿ!"

"ಮೂಸಲ್ಲ! ಕೋಟು ಬಾಡಿಗೆಗೆ ಸಿಗುತ್ತೆ!"

ಇಲ್ಲಿ ನಾನು ತಡೆಯಲಾರದೆ ಮಧ್ಯೆ ಬಾಯಿ ಹಾಕಿದೆ. "ಸ್ವಾಮಿ, ಡಾಕ್ಟರುಗಳೆಲ್ಲ ಸೇದ್ತಾರೆ ಅಂತ ಒಬ್ಬ ಕಾಂಪೌಂಡರ್ ಹೇಳಿದ ಮಾತ್ರಕ್ಕೆ ಸೇದದೋನು ಡಾಕ್ಟರಲ್ಲ ಅಂತ ತೀರ್ಮಾನ ಮಾಡಕ್ಕಾಗಲ್ಲ. ಎಲ್ರೂ ಸೇದ್ತಾರೆ ಅನ್ನೋದನ್ನೇ ಮೊದಲು ಪರೀಕ್ಷೆ ಮಾಡ್ಬೇಕು."

"ನೀವು ಯಾರ ಕಡೆ ಮೇಷ್ಟ್ರೇ?" ಎಂದು ಇಬ್ಬರೂ ಒಟ್ಟಿಗೇ ಗದರಿದರು. ಆ ದಿನ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಏಕಾಂತಪ್ಪನವರು ಹೋದ ಮೇಲೆ ಓಂಕಾರಪ್ಪ ಜಗಲಿಯಲ್ಲಿ ಕೋಟು ಹಿಡಿದು ನಿಂತಿದ್ದರು. ಒಂದು ಗಳಿಗೆ ಸಿಟ್ಟು, ಇನ್ನೊಂದು ಗಳಿಗೆ ಸಂಶಯ. ಮಗ ಹೊರಗಿನಿಂದ ಲವಂಗ ಅಗಿಯುತ್ತಾ ಬಂದ.

"ಬಾರೋ ಇಲ್ಲಿ. ನೀನು ನಿಜವಾಗ್ಲೂ ಡಾಕ್ಟರಿಕೆ ಓದ್ತಿದೀಯಾ?"

"ಇದೇನಪ್ಪಾ ಹೀಗೆ ಕೇಳ್ತೀರಿ? ಓದ್ತಿದೀನಿ."

"ಹೆಣ ಕೊಯ್ತೀಯಾ?"

"ಕೊಯ್ತೀನಿ."

"ಮತ್ತೆ ಯಾಕೋ ಸಿಗರೇಟು ಸೇದಲ್ಲ?"

ಪರಮೇಶಿಯ ಬಾಯಿಂದ ಲವಂಗ ಬಿದ್ದುಹೋಯಿತು. ಇಡೀ ಜಗತ್ತಿನಲ್ಲಿ ಅವನು ಈ ಪ್ರಶ್ನೆಯನ್ನು ನಿರೀಕ್ಷಿಸದ ಒಂದೇ ಬಾಯಿ ಅದು.

"ಹೇಳೋ! ಎಲ್ರೂ ಸೇದೋವಾಗ ನಿನಗೇನು ಬಂದಿದೆ? ಅಪ್ಪನ ಮರ್ಯಾದೆ ತೆಗೀಬೇಕು ಅಂತಾನೇ ಹುಟ್ಟಿದೀಯಾ? ಆ ಹುಡುಗಿ ಬೇಡ್ವಾ ನಿಂಗೆ?"

"ಬೇಕಪ್ಪಾ," ಎಂದ ಪರಮೇಶಿ. ತಂದೆಯ ಮುಂದೆ ಅವನು ಅಷ್ಟು ಸ್ಪಷ್ಟವಾಗಿ ಮಾತಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

"ಹಾಗಾದ್ರೆ ಭಾನುವಾರ ಹೋಗ್ತೀವಿ. ಅವರೆದುರಿಗೇ ಸೇದ್ತೀಯಾ!"

ಒಳಗಿನಿಂದ ಚಿನ್ನಮ್ಮ ಸೌಟು ಹಿಡಿದು ಬಂದರು. "ಸೇದಿದ್ರೂ ಬೈತೀರಿ, ಸೇದದಿದ್ರೂ ಬೈತೀರಿ. ಆ ಹುಡುಗ ಬಾಯಲ್ಲಿ ಏನಿಟ್ಕೋಬೇಕು ಅನ್ನೋದನ್ನ ಒಂದ್ಸಲ ತೀರ್ಮಾನ ಮಾಡ್ರೀ. ಅಡಿಗೆ ಆರ್ತಿದೆ."

ಭಾನುವಾರ ದುರ್ಗಿಗುಡಿಯ ಅದೇ ನಡುಮನೆ. ಏಕಾಂತಪ್ಪನವರು ಕನ್ನಡಕ ಒರೆಸಿಕೊಂಡು, ಕುರ್ಚಿಯನ್ನು ಪರಮೇಶಿಯ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು, ತಕ್ಕಡಿಯ ಮುಳ್ಳು ನೋಡುವವರಂತೆ ಬಗ್ಗಿ ಕುಳಿತರು. ಹಾಲಮ್ಮ ತಟ್ಟೆ ತಂದಳು. ಅವಳ ಮುಖ ಗಂಟಿಕ್ಕಿತ್ತು. ಪರಮೇಶಿ ಡಬ್ಬಿಗೆ ಕೈ ಹಾಕಿದಾಗ ಅವಳು ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ ಹೋಗಿ ಬಾಗಿಲಲ್ಲಿ ನಿಂತಳು.

ಈಗ ಪರಮೇಶಿಯ ಕಷ್ಟವನ್ನು ಓದುಗರು ಸ್ವಲ್ಪ ಯೋಚಿಸಬೇಕು. ಎಡಗಡೆ ಅಪ್ಪ: ಮಗ ಜೀವಮಾನದಲ್ಲಿ ಮೊದಲ ಸಿಗರೇಟು ಸೇದುತ್ತಿದ್ದಾನೆಂದು ನಂಬಿದವರು. ಅವರಿಗಾಗಿ ಕೆಮ್ಮಬೇಕು. ಎದುರಿಗೆ ಮಾವ: ಎರಡು ವರ್ಷದ ಅನುಭವ ಕಾಣಬೇಕೆಂದು ಕಾದವರು. ಅವರಿಗಾಗಿ ಕೆಮ್ಮಬಾರದು. ಎರಡು ತಕ್ಕಡಿಗೆ ಒಂದೇ ಬಟ್ಟು.

ಹುಡುಗ ಅಪ್ಪನನ್ನೇ ಆರಿಸಿಕೊಂಡ. ಸಿಗರೇಟನ್ನು ಪೆನ್ಸಿಲಿನಂತೆ ಹಿಡಿದ. ಒಂದು ಕಡ್ಡಿ ಮುರಿದ, ಇನ್ನೊಂದು ಆರಿಸಿದ, ಮೂರನೆಯದರಲ್ಲಿ ಮೀಸೆಯ ತುದಿ ಸುಟ್ಟುಕೊಂಡ. ಒಂದು ದಮ್ಮು ಎಳೆದು ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದ.

ಓಂಕಾರಪ್ಪನವರಿಗೆ ಒಳಗೊಳಗೇ ಹೆಮ್ಮೆ. ಏಕಾಂತಪ್ಪನವರು ಕನ್ನಡಕ ತೆಗೆದರು.

"ಸಾಕು. ಹಲ್ಲುಪುಡಿ."

"ಏಯ್!" ಓಂಕಾರಪ್ಪ ಎದ್ದು ನಿಂತರು. "ಸರಿಯಾಗಿ ಎಳೆಯೋ! ನಿನ್ನ ಸಂಕೋಚದ ಮನೆ ಹಾಳಾಗ!"

"ಅಪ್ಪಾ, ನಿಮ್ಮೆದುರಿಗೆ..."

"ನನ್ನೆದುರಿಗೇ! ನಾನೇ ಹೇಳ್ತಿದೀನಿ! ಗಂಡಸಾಗಿ ಸೇದೋ!"

ಪರಮೇಶಿ ಅಪ್ಪನನ್ನು ನೋಡಿದ, ಮಾವನನ್ನು ನೋಡಿದ. ಆಮೇಲೆ ಏನೋ ಹಗ್ಗ ಬಿಚ್ಚಿದಂತೆ ಅವನ ಹೆಗಲು ಕೆಳಗಿಳಿಯಿತು. ಡಬ್ಬಿಯಿಂದ ಹೊಸದೊಂದು ತೆಗೆದು ಹೆಬ್ಬೆಟ್ಟಿನ ಉಗುರಿನ ಮೇಲೆ ಟಕಟಕ ಕುಟ್ಟಿದ. ಒಂದೇ ಗೀರಿಗೆ ಕಡ್ಡಿ ಹೊತ್ತಿಸಿ, ಕಿಟಕಿಯ ಗಾಳಿಗೆ ಅಂಗೈ ಮರೆ ಮಾಡಿದ. ಕಾಲ ಮೇಲೆ ಕಾಲು ತಾನಾಗಿ ಬಂತು. ಮೂಗಿನ ಎರಡು ಹೊಳ್ಳೆಗಳಿಂದಲೂ ಹೊಗೆ, ರೈಲ್ವೆ ಎಂಜಿನ್ನಿನಷ್ಟು ನಿರಾಳವಾಗಿ, ಹೊರಗೆ ಬಂತು. ನೋಡದೆಯೇ ಬೂದಿಯನ್ನು ಬಸಿಗೆ ಕೊಡವಿದ. ಸಿಗರೇಟನ್ನು ತುಟಿಯ ಮೂಲೆಯಲ್ಲೇ ಕುಣಿಸುತ್ತಾ ಕೇಳಿದ:

"ಬೇರೆ ಏನಾದ್ರೂ ನೋಡೋದಿದ್ಯಾ ಸಾರ್?"

ಕೊನೆಗೆ ಒಂದು ಹೊಗೆಯ ಉಂಗುರ ಬಿಟ್ಟ. ಅದು ದುಂಡಗೆ ತೇಲುತ್ತಾ ಹೋಗಿ ಗೋಡೆಯ ಮೇಲಿನ ಏಕಾಂತಪ್ಪನವರ ನಿವೃತ್ತಿಯ ಫೋಟೋದ ಮುಂದೆ ಕರಗಿತು.

"ಡಾಕ್ಟರ್!" ಏಕಾಂತಪ್ಪ ತೊಡೆ ತಟ್ಟಿದರು. "ಅಪ್ಪಟ ಡಾಕ್ಟರ್! ಬೀಗರೇ, ಬಾಯಿ ಸಿಹಿ ಮಾಡ್ಕೊಳ್ಳಿ!"

ಓಂಕಾರಪ್ಪನವರ ಬಾಯಿಗೆ ಮೈಸೂರುಪಾಕಿನ ಚೂರು ಹೋಯಿತು. ಅವರು ಅಗಿಯಲಿಲ್ಲ. ಅವರ ಮೂಗು ಮಾತ್ರ ಕೆಲಸ ಮಾಡುತ್ತಿತ್ತು. ಒಮ್ಮೆ ಮೂಸಿದರು. ಮತ್ತೊಮ್ಮೆ ಮೂಸಿದರು.

"ಇದನ್ನ ಎಲ್ಲಿ ಕಲಿತ್ಯೋ?"

"ಕಾಲೇಜಲ್ಲಿ ಅಪ್ಪಾ."

"ಅಂದ್ರೆ... ಆ ಕೋಟು..."

ಪರಮೇಶಿ ತಲೆ ತಗ್ಗಿಸಿದ.

"ಆ ಕೋಟು!" ಓಂಕಾರಪ್ಪನವರ ಗಂಟಲಿನಿಂದ ಕಾರ್ಖಾನೆಯ ಸೈರನ್ನಿನಂಥ ಸದ್ದು ಬಂತು. "ಅಂಚೆಯೋನಿಗೆ ಮೂಸಿಸ್ದೆನಲ್ಲೋ! ಹಾಲಿನೋಳಿಗೆ ಮೂಸಿಸ್ದೆ! ಆ ಹಯಾತ್ ಸಾಬರು ಸರಿಯಾಗಿ ಹೇಳಿದ್ರೂ ಅವರನ್ನ ಗದರಿಸ್ದೆ!" ಎಂದು ಕೈ ಎತ್ತಿದರು.

ಏಕಾಂತಪ್ಪ ಆ ಕೈಯನ್ನು ಗಾಳಿಯಲ್ಲೇ ಹಿಡಿದರು. "ನನ್ನ ಅಳಿಯನ ಮೇಲೆ ಕೈ ಮಾಡ್ಬೇಡಿ!"

"ನನ್ನ ಮಗ ಅವನು!"

"ಈಗ ತಾನೇ ಪಾಸ್ ಮಾಡಿದೀನಿ ನಾನು!"

"ಇಬ್ರೂ ಕೂತ್ಕೊಳ್ಳಿ."

ಬಾಗಿಲಿನಿಂದ ಬಂದ ಧ್ವನಿ ಜೋರಾಗೇನೂ ಇರಲಿಲ್ಲ. ಆದರೆ ವಾರ್ಡಿನಲ್ಲಿ ಮೊಂಡು ರೋಗಿಗಳನ್ನು ಮಲಗಿಸಿ ಅಭ್ಯಾಸವಾದ ಧ್ವನಿ. ಇಬ್ಬರೂ ಕುಳಿತರು. ನಿಂತೇ ಇರದಿದ್ದ ನಾನೂ ಇನ್ನಷ್ಟು ಕುಳಿತೆ.

ಹಾಲಮ್ಮ ಮುಂದೆ ಬಂದಳು. "ಇವರು ಡಾಕ್ಟರಿಕೆ ಓದ್ತಿದಾರೋ ಇಲ್ವೋ ನೋಡ್ಬೇಕಾದ್ರೆ ಯಾವ ಮೂಳೆ ಎಲ್ಲಿದೆ ಅಂತ ಒಂದು ಮಾತು ಕೇಳ್ಬೋದಿತ್ತಲ್ಲ ಅಪ್ಪಾಜಿ?"

"ಅವನು ಹೇಳಿದ್ದು ಸರಿಯೋ ತಪ್ಪೋ ಅಂತ ನಂಗೆ ಹೆಂಗಮ್ಮಾ ಗೊತ್ತಾಗ್ಬೇಕು?" ಎಂದರು ಏಕಾಂತಪ್ಪ.

"ನಂಗೆ ಗೊತ್ತಾಗ್ತಿತ್ತು. ನನ್ನ ಕೇಳಿದ್ರಾ?"

ಏಕಾಂತಪ್ಪನವರು ಮೈಸೂರುಪಾಕಿನ ತಟ್ಟೆಯನ್ನು ಸರಿಪಡಿಸತೊಡಗಿದರು.

"ನಮ್ಮಾಸ್ಪತ್ರೇಲಿ ದಿನಾ ನೋಡ್ತೀನಿ ಇಂಥೋರನ್ನ," ಎಂದು ಅವಳು ಪರಮೇಶಿಯ ಕಡೆ ತಿರುಗಿದಳು. "ರೋಗಿ ಕೆಮ್ಮಿ ಕೆಮ್ಮಿ ರಕ್ತ ಉಗೀತಿರ್ತಾನೆ. ಮಂಚದ ಪಕ್ಕ ನಿಂತು ಹೊಗೆ ಬಿಡ್ತಾ, 'ಬೀಡಿ ಬಿಡಪ್ಪಾ, ಇಲ್ಲಾಂದ್ರೆ ಸಾಯ್ತೀಯ' ಅಂತ ಬುದ್ಧಿ ಹೇಳ್ತಾರೆ. ಆ ಬೂದಿ ಹಾಸಿಗೆ ಮೇಲೆ ಬೀಳ್ದಂಗೆ ನಾವು ಟ್ರೇ ಹಿಡ್ಕೊಂಡು ನಿಂತಿರ್ಬೇಕು. ಗಾಯ ತೊಳೆಯೋ ಟ್ರೇ ಅದು. ಕಲಿಯೋಕ್ಕೆ ಬಂದ ಹುಡುಗರೂ ನೋಡಿ ನೋಡಿ ಅದನ್ನೇ ಮೊದಲು ಕಲೀತಾರೆ. ಮನೆಗೆ ಬಂದ್ರೆ ಅಪ್ಪಾಜಿನೂ ಅದೇ ತಟ್ಟೆ ನನ್ನ ಕೈಗೇ ಕೊಡ್ತಾರೆ."

ಪರಮೇಶಿಯ ಬೆರಳಿನಲ್ಲಿ ಸಿಗರೇಟು ತಾನೇ ಉರಿಯುತ್ತಿತ್ತು. ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಅವತ್ತು ನೀವು ಬೇಡ ಅಂದ್ರಿ. ಇಷ್ಟು ಜನರಲ್ಲಿ ಒಬ್ಬ ಬೇಡ ಅಂದ್ನಲ್ಲ ಅಂತ ನಾನು ಹೂಂ ಅಂದೆ. ಯಾಕೆ ಬೇಡ ಅಂದ್ರಿ ಅವತ್ತು?"

ಇಲ್ಲಿ ಸುಳ್ಳು ಹೇಳಲು ಅವಕಾಶವಿತ್ತು. ತತ್ವ, ಆರೋಗ್ಯ, ಏನು ಬೇಕಾದರೂ ಹೇಳಬಹುದಿತ್ತು.

"ಅಪ್ಪ ಪಕ್ಕದಲ್ಲಿದ್ರು," ಎಂದ ಪರಮೇಶಿ.

"ಅಷ್ಟೇನಾ?"

"ಅಷ್ಟೇ."

ಹಾಲಮ್ಮ ತಟ್ಟೆ ಎತ್ತಿಕೊಂಡಳು.

"ಮುಂದಿನ ರಜೆಗೆ ಬನ್ನಿ. ಇದೇ ತಟ್ಟೆ ತರ್ತೀನಿ, ಡಬ್ಬಿನೂ ಇಟ್ಟಿರ್ತೀನಿ. ಅವತ್ತು ಈ ಕೋಣೇಲಿ ನಿಮ್ಮಪ್ಪನೂ ಇರ್ಕೂಡದು, ನಮ್ಮಪ್ಪನೂ ಇರ್ಕೂಡದು. ಆಮೇಲೆ ಮಾತು."

ಮರಳುವ ರೈಲಿನಲ್ಲಿ ಓಂಕಾರಪ್ಪನವರು ಯಾರ ಸಿಗರೇಟನ್ನೂ ಕೀಳಲಿಲ್ಲ. ಎದುರಿನ ಬೆಂಚಿನವನು ಒಂದರ ಮೇಲೊಂದು ಸೇದಿದ. ಇವರು ಮೂಗಿಗೆ ಟವೆಲ್ಲು ಕಟ್ಟಿಕೊಂಡು ಕುಳಿತಿದ್ದರು. ಆ ಮೂಗಿನ ಮೇಲಿನ ನಂಬಿಕೆ ಅವರಿಗೇ ಹೋಗಿತ್ತು. ಮರುದಿನ ಚಿನ್ನಮ್ಮ ಕೋಟು ಒಗೆದರು.

ಮುಂದಿನ ರಜೆಗೆ ಪರಮೇಶಿ ಬಂದಾಗ ಅವನ ಹತ್ತಿರ ಯಾರೂ ಹೋಗುವಂತಿರಲಿಲ್ಲ. ಉಪ್ಪು ಕಡಿಮೆಯೆಂದು ಅಮ್ಮನ ಮೇಲೆ ಸಿಡುಕಿದ, ಕೋಳಿ ಕೂಗಿತೆಂದು ಕೋಳಿಯ ಮೇಲೆ ಸಿಡುಕಿದ. ಹಯಾತ್ ಸಾಬರು ಪ್ರೀತಿಯಿಂದ ಒಂದು ಸಿಗರೇಟು ಮುಂದೆ ಹಿಡಿದರೆ, ಅವರ ಮೇಲೆ ಸೈಕಲ್ ಪಂಪು ಎಸೆದ. "ಹುಡುಗನಿಗೆ ಹುಚ್ಚು ಹಿಡಿದಿದೆ ಮೇಷ್ಟ್ರೇ," ಎಂದು ಅವರು ದೂರಿದರು. ಅಷ್ಟು ದಿನಗಳಲ್ಲಿ ಕೇಳಿದ ಮೊದಲ ಒಳ್ಳೆಯ ಸುದ್ದಿ ಅದು ಎಂದು ನನಗನ್ನಿಸಿತು. ಆದರೆ ತಟ್ಟೆ ಮುಂದೆ ಬರುವವರೆಗೆ ಯಾವುದೂ ಖಾತ್ರಿಯಲ್ಲ.

ದುರ್ಗಿಗುಡಿಯಲ್ಲಿ ಹಾಲಮ್ಮ ನಮ್ಮನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಪರಮೇಶಿಯನ್ನು ಒಳಗೆ ಕರೆದು, ಜೊತೆಗೆ ತನ್ನ ಅಜ್ಜಿಯನ್ನು ಕೂರಿಸಿಕೊಂಡು, ಬಾಗಿಲು ಹಾಕಿದಳು. ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ. ಏಕಾಂತಪ್ಪ, ಓಂಕಾರಪ್ಪ, ನಾನು, ಮೂವರೂ ಬಿಸಿಲಿನಲ್ಲಿ ಬೀದಿಯ ಕಡೆಯ ಕಿಟಕಿಯ ಕೆಳಗೆ ನಿಂತೆವು.

"ನನ್ನ ಮನೆಯಿಂದ ನನ್ನನ್ನೇ ಹೊರಗೆ ಹಾಕಿದಾಳೆ," ಎಂದು ಏಕಾಂತಪ್ಪ ಕುದಿಯುತ್ತಿದ್ದರು.

"ಶ್! ನಾನು ಮೂಸ್ತಿದೀನಿ."

"ಮೂಸಿ, ಮೂಸಿ. ಮಗನ ಕೋಟು ಮೂಸಿದ ಮೂಗಲ್ವಾ ಅದು!"

ಓಂಕಾರಪ್ಪ ರೈಲಿನಲ್ಲಿ ಈ ಸಲವೂ ಮೂಗಿಗೆ ಕಟ್ಟಿದ್ದ ಟವೆಲ್ಲನ್ನು ಪೂರ್ತಿ ಬಿಚ್ಚಿ, ಕಿಟಕಿಯ ಸರಳಿನ ಹತ್ತಿರ ಮುಖ ಒಯ್ದು ಕಣ್ಣು ಮುಚ್ಚಿದರು. ತಟ್ಟೆ ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸಿತು. ಇದ್ದಕ್ಕಿದ್ದಂತೆ ಅವರ ಮುಖ ಬಿಳಚಿತು.

"ಬಂತು! ಹೊಗೆ! ಹಾಳಾದ, ಹಚ್ಚಿದಾ!"

ತಿರುಗಿ ನೋಡಿದರೆ ನಮ್ಮ ಬೆನ್ನ ಹಿಂದೆಯೇ ಒಬ್ಬ ಜಟಕಾದವನು ಕುದುರೆ ನಿಲ್ಲಿಸಿ, ಮೂವರು ಯಜಮಾನರು ಕಿಟಕಿಯಲ್ಲಿ ಏನು ಇಣುಕುತ್ತಿದ್ದಾರೆಂದು ನೋಡುತ್ತಾ ಆರಾಮವಾಗಿ ಬೀಡಿ ಎಳೆಯುತ್ತಿದ್ದ.

"ಒಳಗೆ ಪರೀಕ್ಷೆ ನಡೀತಿದೆ, ಗೊತ್ತಾಗಲ್ವೇನೋ ನಿಂಗೆ!" ಎಂದು ಓಂಕಾರಪ್ಪ ಅವನ ಮೇಲೆ ಎಗರಿದರು. ಬೀಡಿ ಕಿತ್ತು ಚರಂಡಿಗೆ ಎಸೆದರು. ಏಕಾಂತಪ್ಪ ಕೊಡೆ ಬೀಸಿದರು. ನಾನೂ, ಹೇಳಲು ನಾಚಿಕೆಯಾಗುತ್ತದೆ, ಏನೋ ಕೂಗಿದೆ. ಜಟಕಾದವನು ಕುದುರೆಯನ್ನು ಓಡಿಸಿಕೊಂಡು ಹೋದ.

ಮತ್ತೆ ಮೂವರೂ ಕಿಟಕಿಗೆ ಬಂದೆವು. ಬೀದಿಯ ಗಾಳಿ ತಿಳಿಯಾಗುವವರೆಗೆ ಓಂಕಾರಪ್ಪ ಕಾದರು. ಆಮೇಲೆ, ಇದ್ದಿಲು ಯಾರ್ಡಿನ ಬಾಗಿಲಲ್ಲಿ ನಿಂತಾಗಿನಂತೆ ಬೆನ್ನು ನೆಟ್ಟಗೆ ಮಾಡಿ, ದೀರ್ಘವಾಗಿ ಮೂಸಿದರು. ಇನ್ನೊಮ್ಮೆ ಮೂಸಿದರು. ಒಳಗೆ ಹಾಲಮ್ಮ ಏನೋ ಕೇಳಿದಳು, ಪರಮೇಶಿ ಏನೋ ಹೇಳಿದ, ಯಾವುದೋ ಮೂಳೆಯ ಹೆಸರಿನಂತೆ ಕೇಳಿಸಿತು. ಅವಳು ನಕ್ಕಳು.

"ಏನು ಬಂತ್ರೀ?" ಏಕಾಂತಪ್ಪ ಪಿಸುಗುಟ್ಟಿದರು. "ಹೇಳ್ರೀ, ಏನು ವಾಸನೆ?"

ಓಂಕಾರಪ್ಪನವರ ಕಣ್ಣಲ್ಲಿ ನೀರಿತ್ತು. ಬೀಡಿಯ ಹೊಗೆಗೆ ಬಂದದ್ದೂ ಇರಬಹುದು.

"ಕಾಫಿ," ಎಂದರು.

ಏಕಾಂತಪ್ಪನವರು ಒಂದು ಗಳಿಗೆ ಯೋಚಿಸಿದರು. ಆಮೇಲೆ ಅವರ ಮುಖ ಮತ್ತೆ ಕೆಂಪಾಯಿತು.

"ಮತ್ತೆ ನಮಗೆ?"